ಕಣ್ಣೀರಿಗೆ ಕಂದಾಯ ಉಂಟೇ?



ನಮ್ಮ ಹಳ್ಳಿಗಳಲ್ಲಿ ಒಂದು ಹಳೆಯ ನಡಾವಳಿ ಇದೆ. ಬದುವಿನ ಜಗಳದಿಂದ ಹತ್ತು ವರ್ಷ ಮಾತು ಬಿಟ್ಟವನ ಮನೆಯಲ್ಲಿ ಸಾವಾದರೂ ಊರವರು ಮಣ್ಣಿಗೆ ಹೋಗಿ ಬರುತ್ತಾರೆ. ಶವವು ಪೇಟೆಯ ಬೀದಿಯಲ್ಲಿ ಸಾಗುವಾಗ ಅಂಗಡಿಕಾರನು ತಕ್ಕಡಿ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ, ಬಾಗಿಲನ್ನು ಅರ್ಧ ಎಳೆಯುತ್ತಾನೆ. ಸತ್ತವನು ಉದ್ರಿ ತೀರಿಸದೆ ಹೋದವನೇ ಇರಬಹುದು. ಆ ಹೊತ್ತಿಗೆ ಖಾತೆಯ ಪುಸ್ತಕ ಯಾರೂ ತೆರೆಯುವುದಿಲ್ಲ. ಇದನ್ನು ಯಾವ ಸರಕಾರವೂ ಕಾನೂನು ಮಾಡಿ ಕಲಿಸಿದ್ದಲ್ಲ. ಸಾವಿನ ಮುಂದೆ ತಲೆ ಬಾಗುವುದು ಮನುಷ್ಯನ ಸಹಜ ಗುಣ.

ಆದರೆ ಇದೇ ಗೌರವವನ್ನು ಯಾರಾದರೂ ಬಡಿಗೆ ಹಿಡಿದು ಬಂದು ಕೇಳಿದರೆ ಏನು ಮಾಡಬೇಕು? ಸತ್ತವರು ದೊಡ್ಡ ನಾಯಕರು. ಕೆಲವರಿಗೆ ಅವರು ದೇವರ ಸಮಾನ, ಇನ್ನು ಕೆಲವರು ಅವರ ಮಾತಿನಿಂದ, ಅವರ ಅನುಯಾಯಿಗಳ ಕೈಯಿಂದ ನೊಂದವರು. ಅಂಥವರು ತೀರಿಕೊಂಡಾಗ ನೊಂದವನೂ ಅಳಲೇಬೇಕೇ? ಅಳದಿದ್ದರೆ ಅದು ಅಪರಾಧವೇ? ಗಡಿಯಲ್ಲಿ ಬದುಕುವ ನಮ್ಮಂಥವರು ಈ ಪ್ರಶ್ನೆಯನ್ನು ಸಮಾಧಾನದಿಂದ ಯೋಚಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಗದ್ದಲದ ದಿನ ಯೋಚಿಸಲು ವ್ಯವಧಾನ ಇರುವುದಿಲ್ಲ.

2012ರ ನವೆಂಬರ್ 17ರಂದು ಮುಂಬಯಿಯಲ್ಲಿ ಬಾಳಾಸಾಹೇಬ ಠಾಕರೆಯವರು ನಿಧನರಾದರು. ಮರುದಿನ ಭಾನುವಾರ ಶಿವಾಜಿ ಪಾರ್ಕಿನಲ್ಲಿ ಸರಕಾರಿ ಮರ್ಯಾದೆಯೊಂದಿಗೆ ಅಂತ್ಯಕ್ರಿಯೆ ನಡೆಯಿತು. ಅವರು ಎಂದೂ ಮಂತ್ರಿಯಾಗಿರಲಿಲ್ಲ, ಶಾಸಕರೂ ಆಗಿರಲಿಲ್ಲ. ಆದರೂ ಲಕ್ಷಾಂತರ ಜನ ಸೇರಿದ್ದರು. ಅವರಲ್ಲಿ ಬಹುಮಂದಿ ಮನಸಾರೆ ಬಂದವರು, ನಿಜವಾಗಿ ಅತ್ತವರು. ಮರಾಠಿ ಹುಡುಗರಿಗೆ ನೌಕರಿ ಸಿಗಬೇಕೆಂದು ಗಟ್ಟಿಯಾಗಿ ಕೇಳಿದ ನಾಯಕನೆಂದು ಅವರು ಠಾಕರೆಯವರನ್ನು ನೆನೆದರು. ಆ ದುಃಖವನ್ನು ಹಗುರಾಗಿ ಕಾಣುವ ಅಧಿಕಾರ ನಮಗಿಲ್ಲ.

ಇನ್ನೊಂದು ನೆನಪೂ ಇದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೊದಲ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ನಡೆದ ಚಳವಳಿಯ ಬಿಸಿ ಮುಂಬಯಿಯ ಉಡುಪಿ ಹೋಟೆಲುಗಳಿಗೆ ತಟ್ಟಿತ್ತು. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಹೆಸರಿನಲ್ಲಿ ಆ ನಗರ ಹೊತ್ತಿ ಉರಿದು ಜನ ಸತ್ತರು. ಗಲ್ಲಾಪೆಟ್ಟಿಗೆ ಒಡೆಸಿಕೊಂಡ ಹೋಟೆಲಿನವನ ಮನೆಯಲ್ಲಿ ಠಾಕರೆಯವರ ಹೆಸರಿಗೆ ಬೇರೆಯೇ ಅರ್ಥ. ಒಂದೇ ಸಾವು, ಎರಡು ಮನೆ, ಎರಡು ಮನಸ್ಸು. ಇದರಲ್ಲಿ ಆಶ್ಚರ್ಯವಿಲ್ಲ.

ಅಂದು ಮುಂಬಯಿಯಲ್ಲಿ ಅಂಗಡಿಗಳು ಮುಚ್ಚಿದ್ದವು. ಪಾಲಘರ ಎಂಬ ಊರಿನ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ದಿನವೂ ಜನ ಸಾಯುತ್ತಾರೆ, ನಗರ ಮುಚ್ಚಿರುವುದು ಗೌರವದಿಂದಲ್ಲ, ಭಯದಿಂದ, ಗೌರವವನ್ನು ಬಲವಂತದಿಂದ ಪಡೆಯಲಾಗದು ಎಂಬುದು ಅದರ ತಾತ್ಪರ್ಯ. ಬೈಗುಳವಿರಲಿಲ್ಲ. ಅವಳ ಗೆಳತಿ ಅದಕ್ಕೆ ಮೆಚ್ಚುಗೆ ಒತ್ತಿದಳು, ಅಷ್ಟೇ. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಗೆ ಗುಂಪು ನುಗ್ಗಿ ಸಾಮಾನು ಪುಡಿ ಮಾಡಿತು. ದೇಶವೆಲ್ಲ ಗದ್ದಲವಾದ ಮೇಲೆ ಪೊಲೀಸ್ ಅಧಿಕಾರಿಗಳಿಬ್ಬರು ಅಮಾನತಾದರು. ಆ ಅಮಾನತನ್ನು ವಿರೋಧಿಸಿ ನವೆಂಬರ್ 28ರಂದು ಪಾಲಘರದಲ್ಲಿ ಶಿವಸೇನೆ ಮತ್ತೆ ಬಂದ್ ಮಾಡಿಸಿತು! ಕೊನೆಗೆ ಮೊಕದ್ದಮೆ ಬಿದ್ದುಹೋಯಿತು. ಈ ಘಟನೆಯಿಂದ ಮನಸ್ಸು ಕಲಕಿ ಯುವತಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ಆ ನ್ಯಾಯಾಲಯವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿತು.

ಇದು ಒಂದೇ ಪಕ್ಷದ ರೋಗ ಎಂದು ತಿಳಿಯಬೇಡಿ. 2018ರ ಆಗಸ್ಟಿನಲ್ಲಿ ಮಾಜಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ತೀರಿಕೊಂಡ ಮರುದಿನ, ಆಗಿನ ಔರಂಗಾಬಾದ್ ಮಹಾನಗರ ಪಾಲಿಕೆಯಲ್ಲಿ ಸಂತಾಪ ಠರಾವು ಬಂತು. ಒಬ್ಬ ಸದಸ್ಯನು ವಿರೋಧಿಸಿದನು. ಬಿಜೆಪಿ ಸದಸ್ಯರು ಸಭಾಂಗಣದಲ್ಲಿಯೇ ಅವನನ್ನು ಹಿಡಿದು ಬಡಿದರು. ವಾಜಪೇಯಿಯವರು ಎದುರು ಪಕ್ಷದವರ ಮಾತನ್ನೂ ನಗುತ್ತ ಕೇಳಿಸಿಕೊಂಡವರೆಂದು ಹೆಸರಾದವರು. ಅವರ ಹೆಸರಿನಲ್ಲಿ ಒಬ್ಬನ ಬಾಯಿಯ ಮೇಲೆ ಏಟು ಬಿತ್ತು! ಆ ಸದಸ್ಯನ ವಿರೋಧ ಉಚಿತವಾಗಿತ್ತೋ ಇಲ್ಲವೋ, ಅದು ಬೇರೆ ಮಾತು. ಆದರೆ ಏಟಿನಿಂದ ಬಂದ ಮೌನವನ್ನು ಸಂತಾಪವೆಂದು ಬರೆದುಕೊಳ್ಳಬಹುದೇ?

ನಮ್ಮ ಮನೆಯ ಮಾತನ್ನೂ ಆಡೋಣ. 2006ರ ಏಪ್ರಿಲ್ 12ರಂದು ಡಾ. ರಾಜಕುಮಾರ್ ತೀರಿಕೊಂಡರು. ಕನ್ನಡಿಗರೆಲ್ಲರ ಮನೆಯ ಸಾವು ಅದು. ಗಡಿಯ ಈಚೆಗೂ ಜನ ಕಣ್ಣೀರಿಟ್ಟರು. ಆದರೆ ಬೆಂಗಳೂರಿನಲ್ಲಿ ಆ ಎರಡು ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಗಾಜು ಒಡೆಯಿತು, ಪೊಲೀಸ್ ಪೇದೆಯೊಬ್ಬನೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಕನ್ನಡ ಬಾರದ ಯಾವನೋ ಬಡವ ಹೊಟ್ಟೆಪಾಡಿಗೆ ತಳ್ಳುಗಾಡಿ ತೆರೆದಿದ್ದರೆ ಅವನ ಗತಿ ಏನಾಗಿರಬಹುದು? ಪರಊರಿನಲ್ಲಿ ನಮಗೆ ಆಗಬಾರದೆಂದು ಬಯಸುವುದನ್ನು ನಮ್ಮವರು ತಮ್ಮ ಊರಿನಲ್ಲಿ ಇತರರಿಗೆ ಮಾಡಿದರೆ, ಅದನ್ನು ಅಭಿಮಾನವೆಂದು ಕರೆಯಲಾಗದು.

ಈಗ ಮೂಲ ಪ್ರಶ್ನೆಗೆ ಬರೋಣ. ಸತ್ತವರಿಗೆ ನಾವು ಕೊಡಬೇಕಾದದ್ದು ಏನು? ಇದರಲ್ಲಿ ಎರಡು ಬಾಬುಗಳಿವೆ. ಎರಡನ್ನೂ ಒಂದೇ ಖಾತೆಗೆ ಬರೆಯುವುದರಿಂದಲೇ ಲೆಕ್ಕ ಕೆಡುತ್ತದೆ.

ಮೊದಲನೆಯದು ಮರ್ಯಾದೆ. ಶವಯಾತ್ರೆಗೆ ದಾರಿ ಬಿಡುವುದು, ಗದ್ದಲ ಮಾಡದಿರುವುದು, ಅಳುವವರ ಮುಂದೆ ನಗದಿರುವುದು. ಇದನ್ನು ಎಲ್ಲರಿಂದಲೂ ಕೇಳಬಹುದು, ಎಲ್ಲರೂ ಕೊಡಬೇಕು. ಏಕೆಂದರೆ ಇದು ಸತ್ತವನ ಯೋಗ್ಯತೆಯನ್ನು ಅವಲಂಬಿಸಿಲ್ಲ. 2014ರ ಆಗಸ್ಟಿನಲ್ಲಿ ಯು. ಆರ್. ಅನಂತಮೂರ್ತಿಯವರು ತೀರಿಕೊಂಡಾಗ ಕರ್ನಾಟಕದ ಕೆಲವೆಡೆ ಪಟಾಕಿ ಹಾರಿಸಿದರು. ಅವರ ಮಾತುಗಳನ್ನು ಒಪ್ಪದವರು ಬಹಳ ಮಂದಿ ಇದ್ದರು, ಒಪ್ಪದಿರಲು ಅವರಿಗೆ ಹಕ್ಕೂ ಇತ್ತು. ಆದರೆ ಹೆಣದ ಮುಂದೆ ಪಟಾಕಿ ಹಾರಿಸಿದವರು ಅನಂತಮೂರ್ತಿಯವರನ್ನು ಸಣ್ಣವರನ್ನಾಗಿ ಮಾಡಲಿಲ್ಲ, ತಾವೇ ಸಣ್ಣವರಾದರು.

ಎರಡನೆಯದು ಶೋಕ. ಇದು ಒಳಗಿನದು. ಇದಕ್ಕೆ ಕಂದಾಯದಂತೆ ಹುಕುಂ ಹೊರಡಿಸಲಾಗದು, ಹೊರಡಿಸಿದರೆ ಖೋಟಾ ನಾಣ್ಯವೇ ಕೈಗೆ ಬರುತ್ತದೆ. ಹೊಲದ ಕಂದಾಯವನ್ನು ರೈತನು ಮನಸ್ಸಿಲ್ಲದೆ ಕಟ್ಟಿದರೂ ಖಜಾನೆಗೆ ರೂಪಾಯಿ ರೂಪಾಯಿಯೇ. ಮನಸ್ಸಿಲ್ಲದೆ ಸುರಿಸಿದ ಕಣ್ಣೀರು ಬರಿ ನೀರು.

ಕೆಲವರು ಕೇಳಬಹುದು: "ಎರಡು ದಿನ ಸುಮ್ಮನಿರಲು ಏನು ಕಷ್ಟ? ಆ ಮನೆಯವರ ದುಃಖಕ್ಕಾದರೂ ಬಾಯಿ ಮುಚ್ಚಬಾರದೇ?" ಈ ಮಾತಿನಲ್ಲಿ ತೂಕವಿದೆ. ಸತ್ತವರ ಮನೆಬಾಗಿಲಿಗೆ ಹೋಗಿ ಹಳೆಯ ಲೆಕ್ಕ ತೆಗೆಯುವುದು ಸಲ್ಲದು. ಸೂತಕ ಕಳೆಯುವವರೆಗೆ ತಾವಾಗಿಯೇ ತಡೆದುಕೊಳ್ಳುವವರು ದೊಡ್ಡವರು. ಆದರೆ ಒಂದು ಸಾವನ್ನು ಮನೆಯಿಂದ ಬೀದಿಗೆ ತಂದು, ಇಡೀ ಊರು ಹೀಗೆಯೇ ಇರಬೇಕೆಂದು ಕಟ್ಟು ಮಾಡಿದಾಗ, ಆ ಊರಿನವನು ಆ ಕಟ್ಟಿನ ಬಗ್ಗೆ ಮಾತಾಡಬಹುದು. ಪಾಲಘರದ ಹುಡುಗಿ ಸತ್ತವರನ್ನು ನಿಂದಿಸಲಿಲ್ಲ, ಬಂದ್‌ನ ಬಗ್ಗೆ ಕೇಳಿದಳು. ಅಲ್ಲದೆ, ಹೊಗಳುವವರಿಗೆ ಮೈಕು ಕೊಟ್ಟು ನೊಂದವರಿಗೆ ಮಾತ್ರ ಮೌನ ವಿಧಿಸಿದರೆ, ಹತ್ತು ವರ್ಷದ ಮೇಲೆ ಮಕ್ಕಳು ಓದುವ ಚರಿತ್ರೆಯಲ್ಲಿ ಹೊಗಳಿಕೆ ಮಾತ್ರ ಉಳಿಯುತ್ತದೆ. ನೊಂದವನ ನೋವು ಎರಡನೆಯ ಸಲ ಹೂತುಹೋಗುತ್ತದೆ.

ನಮ್ಮ ನ್ಯಾಯಾಲಯಗಳೂ ಈ ದಾರಿಯಲ್ಲಿಯೇ ಹೇಳಿವೆ. ಕೇರಳದ ಒಂದು ಶಾಲೆಯಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ಮತದ ನಂಬಿಕೆಯಿಂದ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು: ಗೌರವದಿಂದ ಎದ್ದು ನಿಂತರೆ ಸಾಕು, ಬಾಯಿ ತೆರೆದು ಹಾಡಿಸಲು ಒತ್ತಾಯ ಸಲ್ಲದು. ದೇಶದ ಗೀತೆಗೇ ಈ ಮಾತಾದರೆ ಒಬ್ಬ ನಾಯಕನ ಸಂತಾಪಕ್ಕೆ ಹೇಳುವುದೇನು? 1997ರಲ್ಲಿ ಕೇರಳ ಹೈಕೋರ್ಟು ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಎಂದಿತು, ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಾಂಬು ಸ್ಫೋಟದಲ್ಲಿ ಜನ ಸತ್ತದ್ದನ್ನು ಖಂಡಿಸಿ 2003ರ ಜುಲೈ 30ರಂದು ಮುಂಬಯಿ ಬಂದ್ ಮಾಡಿಸಿದ್ದಕ್ಕೆ, ಮರುವರ್ಷ ಬಾಂಬೆ ಹೈಕೋರ್ಟು ಶಿವಸೇನೆಗೂ ಬಿಜೆಪಿಗೂ ತಲಾ 20 ಲಕ್ಷ ರೂಪಾಯಿ ದಂಡ ಹಾಕಿತು. ಸತ್ತವರ ಹೆಸರು ಹೇಳಿದರೂ ಬಲವಂತವು ಬಲವಂತವೇ.

ಕಾನೂನು ಇದೆ, ಸರಿ. ಆದರೆ ಗುಂಪು ಅಂಗಡಿಯ ಮುಂದೆ ನಿಂತಾಗ ತೀರ್ಪಿನ ಪ್ರತಿ ಕೈಗೆ ಬರುವುದಿಲ್ಲ. ಆಗ ವ್ಯಾಪಾರಸ್ಥನು ಏನು ಮಾಡಬೇಕು? ಸೊಲ್ಲಾಪುರದಲ್ಲಿಯೋ ಜತ್ತಿನಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಅಂಗಡಿ ಇಟ್ಟವನಿಗೆ ಹೆಂಡತಿ ಮಕ್ಕಳಿದ್ದಾರೆ, ಕೂಲಿಯ ಆಳುಗಳಿದ್ದಾರೆ. ಭಯದಿಂದ ಬಾಗಿಲು ಹಾಕಿದರೆ ಅದರಲ್ಲಿ ಪಾಪವಿಲ್ಲ, ನಾಚಿಕೆಯೂ ಬೇಡ. ಬಾಗಿಲು ಮುಚ್ಚುವುದು ಸುಳ್ಳಲ್ಲ. ಅದರ ಪಾಪ ಮುಚ್ಚಿಸಿದವನ ತಲೆಗೆ. ಆದರೆ ಮನಸ್ಸಿನಲ್ಲಿ ಇಲ್ಲದ ಹೊಗಳಿಕೆಗೆ ಹೆಸರು ಹಾಕಿಸಿ ಫಲಕ ನಿಲ್ಲಿಸುವುದು, ಲಾಭದ ಆಸೆಗೆ ಕಪ್ಪು ಪಟ್ಟಿ ಕಟ್ಟಿ ಮುಂದೆ ನಿಲ್ಲುವುದು, ಇವು ಸುಳ್ಳಿನ ಮೆಟ್ಟಿಲುಗಳು. ಅಲ್ಲಿ ಕಾಲು ಹಿಂತೆಗೆಯುವ ಧೈರ್ಯವನ್ನು ಆದಷ್ಟು ಬೆಳೆಸಿಕೊಳ್ಳಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಪಕ್ಕದ ಅಂಗಡಿಯವನು ತೆರೆದಿದ್ದಾನೆಂದು ಗುಂಪಿಗೆ ಬೆರಳು ತೋರಿಸುವುದು. ಅದನ್ನು ಭಯದ ಹೆಸರಿನಲ್ಲಿಯೂ ಮನ್ನಿಸಲಾಗದು.

ತರುಣರಿಗೆ ಒಂದು ಮಾತು. ನೀವು ಮೆಚ್ಚಿದ ನಾಯಕರು ತೀರಿಕೊಂಡಾಗ ಮನಬಿಚ್ಚಿ ಅಳಿರಿ, ಅನ್ನದಾನ ಮಾಡಿರಿ, ರಕ್ತದಾನ ಮಾಡಿರಿ. ಪಕ್ಕದವನು ಅಳದಿದ್ದರೆ ಅವನನ್ನು ಬಿಟ್ಟುಬಿಡಿರಿ. "ಶರಣರ ಗುಣ ಮರಣದಲ್ಲಿ ಕಾಣು" ಎಂದು ಹಿರಿಯರು ಹೇಳುತ್ತಾರೆ. ಒಬ್ಬರ ದೊಡ್ಡತನವು ಅವರ ಸಾವಿನ ದಿನ ತಾನಾಗಿಯೇ ಕಾಣಬೇಕು. ಕಲ್ಲು ಹಿಡಿದು ಕಾಣಿಸಬೇಕಾಗಿ ಬಂದರೆ, ನೀವು ಅವರ ಮೇಲೆ ಅಪನಂಬಿಕೆ ತೋರಿಸಿದಂತೆ.

ಸಾವಿನ ಮನೆಗೆ ಮರ್ಯಾದೆ ಕೊಡೋಣ, ಯಾರ ಸಾವಿಗೂ ಹಿಗ್ಗದಿರೋಣ. ಕಣ್ಣೀರನ್ನು ಮಾತ್ರ ಅವರವರ ಮನಸ್ಸಿಗೆ ಬಿಡೋಣ.