ಶೌಚ, ಅಪರಿಗ್ರಹ ಮತ್ತು ಬಿಸುವಿನ ಮನೆಗೆಲಸ

ತುಳು ಸೌರಪಂಚಾಂಗದ ಮೊದಲ ತಿಂಗಳಾದ ಪಗ್ಗುವಿನ ಮೊದಲ ದಿನ, ಅಂದರೆ ಏಪ್ರಿಲ್ ನಡುವಿನಲ್ಲಿ ಬರುವ ಬಿಸು ಹಬ್ಬಕ್ಕೆ ಮುನ್ನ ಉದ್ಯಾವರದಂಥ ಕರಾವಳಿಯ ಊರುಗಳಲ್ಲಿ ಅಟ್ಟದ ಜೇಡರಬಲೆ ತೆಗೆದು, ಹಿಡಿಸೂಡಿಯಿಂದ ಅಂಗಳ ಗುಡಿಸಿ, ಬೆಳಗ್ಗೆ ಎದ್ದೊಡನೆ ಕಾಣಬೇಕಾದ ಅಕ್ಕಿ, ತೆಂಗಿನಕಾಯಿ, ಹಣ್ಣು, ಕನ್ನಡಿಗಳ ಕಣಿಗೆ ಜಾಗ ಅಣಿಗೊಳಿಸುವ ರೂಢಿಯಿದೆ. ಈ ಕೆಲಸ ಧರ್ಮಕ್ಕೆ ಸೇರಿದ್ದೇ, ಬರಿಯ ಮನೆಗೆಲಸವೇ ಎಂಬ ಪ್ರಶ್ನೆಗೆ ಪತಂಜಲಿಯ ಯೋಗಸೂತ್ರಗಳಲ್ಲಿ ಒಂದು ಸುಳುಹು ದೊರೆಯುತ್ತದೆ. ಅಲ್ಲಿನ ಐದು ನಿಯಮಗಳಲ್ಲಿ, ಅಂದರೆ ಸಾಧಕನು ತನಗೆ ವಿಧಿಸಿಕೊಳ್ಳುವ ಶಿಸ್ತುಗಳಲ್ಲಿ, ಶೌಚ ಮೊದಲನೆಯದು. ಆ ಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ವ್ಯಾಸಭಾಷ್ಯವು ಅದನ್ನು ಮಣ್ಣು, ನೀರುಗಳಿಂದಾಗುವ ಬಾಹ್ಯಶೌಚವೆಂದೂ ಚಿತ್ತದ ಮಲವನ್ನು ತೊಳೆಯುವ ಆಭ್ಯಂತರಶೌಚವೆಂದೂ ವಿಂಗಡಿಸುತ್ತದೆ. ಆದರೆ ನಿಯಮಗಳಿಗಿಂತ ಮೊದಲೇ ಬರುವ ಐದು ಯಮಗಳ, ಅಂದರೆ ಸಂಯಮಗಳ, ಕೊನೆಯಲ್ಲಿ ಅಪರಿಗ್ರಹ, ಎಂದರೆ ಕೂಡಿಡದಿರುವಿಕೆ, ನಿಂತಿದೆ. ಈ ಕ್ರಮವನ್ನು ಗೃಹಸ್ಥನ ಅಟ್ಟಕ್ಕೂ ಅನ್ವಯಿಸಬಹುದಾದರೆ, ಬೇಡದ್ದನ್ನು ಮೊದಲು ಬಿಟ್ಟುಕೊಟ್ಟ ಮನೆಯಲ್ಲಿ ಗುಡಿಸುವ ಹೊರೆ ತಾನಾಗಿಯೇ ಇಳಿಯುತ್ತದೆ, ಉಳಿದದ್ದನ್ನು ದಿನಕ್ಕೊಂದು ಕೋಣೆಯಂತೆ ಮುಗಿಸಲೂ ಬರುತ್ತದೆ.

ಮಡಿ, ಅಂದರೆ ಸ್ಪರ್ಶದಿಂದ ಕೆಡುವ ಆಚಾರದ ಶುದ್ಧಿ, ಈ ಶೌಚಕ್ಕಿಂತ ಬೇರೆಯಾದುದು. ಅದರ ಕಟ್ಟುಪಾಡಿನ ಭಾರ ಹೆಚ್ಚಾಗಿ ಹೆಂಗಸರ ಮೇಲೆಯೇ ಬಿದ್ದುದನ್ನು, ಹಿಡಿಸೂಡಿಯೂ ಅವರ ಕೈಯಲ್ಲೇ ಉಳಿದುದನ್ನು, ಶಾಸ್ತ್ರಚರ್ಚೆ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಉದ್ಯಾವರದ ಹೊಳೆಗಾದರೋ ಪಾಪನಾಶಿನಿ, ಪಾಪವನ್ನು ನಾಶಮಾಡುವವಳು, ಎಂಬ ಹೆಸರಿದೆ. ಅಟ್ಟದಿಂದಿಳಿದ ಪ್ಲಾಸ್ಟಿಕ್ ಚೀಲಗಳು ಅವಳ ಮಡಿಲನ್ನೇ ಸೇರುವುದಾದರೆ, ಆ ಮನೆಯ ಶೌಚ ಬಾಹ್ಯದ ಲೆಕ್ಕದಲ್ಲಿಯೂ ಪೂರ್ಣವಾಯಿತೆನ್ನುವುದು ಕಷ್ಟ.