ಮೌನಕ್ಕೆ ಎರಡು ಅರ್ಥ

ನ್ಯೂಜಿಲೆಂಡಿನ 2001ರ ಅಪಘಾತ ಪರಿಹಾರ ಕಾಯ್ದೆಯಲ್ಲಿ ಒಂದು ಸಣ್ಣ ಕಲಮಿದೆ. ಗಾಯಗೊಂಡವನ ಅರ್ಜಿ ತೊಡಕಿನದ್ದಲ್ಲದಿದ್ದರೆ ಅದು ಪರಿಹಾರದ ವ್ಯಾಪ್ತಿಗೆ ಬರುತ್ತದೆಯೋ ಇಲ್ಲವೋ ಎಂದು 21 ದಿನಗಳೊಳಗೆ ಹೇಳಬೇಕು. ತೊಡಕಿನದ್ದಾದರೆ ಕೆಲವು ತಿಂಗಳು ಹೆಚ್ಚು ಹಿಡಿಯಬಹುದು, ಆದರೆ ಅದಕ್ಕೂ ಒಂದು ಗಡುವಿದೆ. ಗಡುವು ದಾಟಿಯೂ ಉತ್ತರ ಬರದಿದ್ದರೆ ಅರ್ಜಿ ಒಪ್ಪಿಗೆಯಾದಂತೆಯೇ ಲೆಕ್ಕ. ಅಂದರೆ ಕಚೇರಿ ಸುಮ್ಮನಿದ್ದರೆ ‘ಹೌದು’ ಎಂದು ಅರ್ಥ. ಮನುಕಾವ್‌ನಲ್ಲಿ ನೆಲೆಸಿದ ಇಷ್ಟು ವರ್ಷಗಳಲ್ಲಿ ಇಲ್ಲಿಯ ಯಾವ ಕಾನೂನೂ ನನ್ನನ್ನು ಇಷ್ಟು ಬೆರಗಾಗಿಸಿಲ್ಲ. ನಾನು ಬಿಟ್ಟುಬಂದ ಊರಿನಲ್ಲಿ ಕಚೇರಿಯ ಮೌನಕ್ಕೆ ‘ಮುಂದಿನ ವಾರ ಬನ್ನಿ’ ಎಂಬುದೊಂದೇ ಅರ್ಥವಿತ್ತು.

ಇಲ್ಲಿ ಎಲ್ಲರೂ ಎಸಿಸಿ ಎಂದು ಕರೆಯುವ ಅಪಘಾತ ಪರಿಹಾರ ನಿಗಮ ಶುರುವಾದದ್ದು 1974ರ ಏಪ್ರಿಲ್ 1ರಂದು. ಅದರ ಬೇರು 1967ರ ಒಂದು ವರದಿಯಲ್ಲಿದೆ. ನ್ಯಾಯಾಧೀಶ ಓವನ್ ವುಡ್‌ಹೌಸ್ ಅವರ ಆಯೋಗ ಕೊಟ್ಟ ವರದಿ ಅದು. ತಪ್ಪು ಯಾರದ್ದೆಂದು ಕೋರ್ಟಿನಲ್ಲಿ ಸಾಬೀತುಪಡಿಸಿ ಪರಿಹಾರ ಪಡೆಯುವುದು ಲಾಟರಿಯಿದ್ದಂತೆ, ಆದ್ದರಿಂದ ಗಾಯವಾದ ಎಲ್ಲರ ಹೊಣೆಯನ್ನೂ ಸಮಾಜವೇ ಹೊರಬೇಕು ಎಂಬುದು ಅವರ ವಾದವಾಗಿತ್ತು. ಅದರಂತೆ ಇಲ್ಲಿ ತಪ್ಪಿನ ವಿಚಾರಣೆಯಿಲ್ಲ. ಹಣ ಬರುವುದು ಮಾಲೀಕರು, ದುಡಿಯುವವರು, ವಾಹನದವರು ಕಟ್ಟುವ ಸುಂಕದಿಂದ ಮತ್ತು ಸರ್ಕಾರದ ಬೊಕ್ಕಸದಿಂದ. ಮಗಳ ಬಾಣಂತನಕ್ಕೆಂದು ಊರಿಂದ ಬಂದ ತಾಯಿ ಬಚ್ಚಲಲ್ಲಿ ಜಾರಿಬಿದ್ದರೂ ಚಿಕಿತ್ಸೆಯ ಮಟ್ಟಿಗೆ ಎಸಿಸಿ ಇದೆ. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ವಿರಿಯ ಗೋದಾಮೊಂದರಲ್ಲಿ ಕೆಲಸ ಮಾಡುತ್ತಿದ್ದ ಹಾಸನದ ಹುಡುಗನೊಬ್ಬ ಪೆಟ್ಟಿಗೆ ಎತ್ತಲು ಹೋಗಿ ಬೆನ್ನು ಉಳುಕಿಸಿಕೊಂಡ. ಡಾಕ್ಟರು ನೋಡುತ್ತಿದ್ದಾಗಲೇ ಅಲ್ಲೇ ಕೂತು ಅರ್ಜಿ ತುಂಬಿ ಕಳಿಸಿದರು. ಮೊದಲ ವಾರ ಮಾಲೀಕರು ಕೊಟ್ಟರು, ಆಮೇಲೆ ಸಂಬಳದ ಶೇಕಡಾ 80 ಎಸಿಸಿಯಿಂದ ವಾರವಾರ ಬಂತು. ‘ಅಣ್ಣಾ, ಯಾರ ತಪ್ಪು ಅಂತ ಒಬ್ಬರೂ ಕೇಳಲಿಲ್ಲವಲ್ಲ’ ಎಂದ. ಅವನ ದನಿಯಲ್ಲಿ ನೆಮ್ಮದಿಯ ಜೊತೆಗೆ ಒಂದು ಚೂರು ಅಸಮಾಧಾನವೂ ಇತ್ತು. ಅವನ ಪ್ರಕಾರ ತಪ್ಪು ಮೇಸ್ತ್ರಿಯದು.

ಆ ಅಸಮಾಧಾನವನ್ನು ನಾನು ಹಗುರವಾಗಿ ಕಾಣಲಾರೆ. ಊರಿನಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ಬಸ್ಸು ಗುದ್ದಿ ಕಾಲು ಮುರಿದಾಗ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಸು ಏಳು ವರ್ಷ ನಡೆಯಿತು. ಚಾಲಕನ ತಪ್ಪೆಷ್ಟು, ಇವನದೆಷ್ಟು, ಅಂಗವೈಕಲ್ಯ ಶೇಕಡಾ ಎಷ್ಟು ಎಂದು ವಾಯಿದೆಯ ಮೇಲೆ ವಾಯಿದೆ. ಕೊನೆಗೆ ಅರ್ಜಿ ಹಾಕಿದ ದಿನದಿಂದ ಬಡ್ಡಿ ಸೇರಿಸಿ ಹಣ ಕೊಟ್ಟರು. ಬಡ್ಡಿ ಕಾನೂನಿನ ಒಳ್ಳೆಯತನವೇ. ಆದರೆ ಬಡ್ಡಿ ಬೆಳೆಯುವುದು ಹಣದ ಮೇಲೆ, ಮೂಳೆಯ ಮೇಲಲ್ಲ. ಮೊದಲ ವರ್ಷದಲ್ಲಿ ಆಗಬೇಕಿದ್ದ ವ್ಯಾಯಾಮ ಚಿಕಿತ್ಸೆಯನ್ನು ಏಳನೆಯ ವರ್ಷದಲ್ಲಿ ಬಂದ ದುಡ್ಡಿನಿಂದ ಕೊಳ್ಳಲು ಆಗಲಿಲ್ಲ. ಆದರೂ ತೀರ್ಪಿನಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂಬ ಎರಡು ಪದಗಳಿದ್ದವು. ಅದನ್ನವನು ಬಂದವರಿಗೆಲ್ಲ ಓದಿ ಹೇಳುತ್ತಿದ್ದ.

ಇಲ್ಲಿಯವರು ಬಿಟ್ಟುಕೊಟ್ಟದ್ದು ಆ ಎರಡು ಪದಗಳನ್ನು. ಎಸಿಸಿ ಇರುವಲ್ಲಿ ಗಾಯದ ನಷ್ಟ ತುಂಬಿಕೊಡಿ ಎಂದು ದಾವೆ ಹೂಡುವಂತಿಲ್ಲ. ತಪ್ಪಿತಸ್ಥರನ್ನು ವಿಚಾರಿಸುವ ಕೆಲಸ ಸರ್ಕಾರದ ಪಾಲಿಗೆ ಹೋಯಿತು. ಸರ್ಕಾರ ಕೈಬಿಟ್ಟರೆ? 2010ರ ನವೆಂಬರ್‌ನಲ್ಲಿ ಪೈಕ್ ರಿವರ್ ಕಲ್ಲಿದ್ದಲ ಗಣಿ ಸ್ಫೋಟಿಸಿ 29 ಜನ ಸತ್ತರು. 2013ರಲ್ಲಿ ಗಣಿಯ ಮುಖ್ಯಸ್ಥರ ಮೇಲಿನ ಆರೋಪಗಳನ್ನು ಕೈಬಿಡಲಾಯಿತು, ಜೊತೆಗೇ 34 ಲಕ್ಷ ಡಾಲರಿಗೂ ಹೆಚ್ಚಿನ ಹಣ ಸತ್ತವರ ಮನೆಯವರಿಗೂ ಬದುಕುಳಿದವರಿಗೂ ಸಂದಾಯವಾಯಿತು. ಆ ಒಪ್ಪಂದ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಹೆಣವೂ ಸಿಗದ ಆ ಕುಟುಂಬಗಳು ಕೇಳಿದ್ದು ಉತ್ತರವನ್ನು.

ಇಷ್ಟಾದರೂ ನನ್ನನ್ನು ಆರಿಸಿಕೋ ಎಂದರೆ ಇಲ್ಲಿಯ ಪದ್ಧತಿಯನ್ನೇ ಆರಿಸುತ್ತೇನೆ. ಕಾರಣ, ಕಾಸರಗೋಡು. ನನ್ನ ತಾಯಿಯ ತವರು ಆ ಕಡೆಯದು. ಎಣ್ಮಕಜೆ, ಪಡ್ರೆಯ ಗುಡ್ಡಗಳ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ಕೇರಳ ಸರ್ಕಾರದ ನಿಗಮದ್ದು. ಅಲ್ಲಿ ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿತ್ತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದಿತು. 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3704 ಜನರಲ್ಲಿ ಹಣ ಮುಟ್ಟಿದ್ದು 8 ಮಂದಿಗೆ, ಮತ್ತೆ ಕೋರ್ಟಿನ ಬಾಗಿಲು ತಟ್ಟಿದ ಆ ಎಂಟೇ ಮಂದಿಗೆ. ಅಲ್ಲಿ ಗೆದ್ದದ್ದೂ ಆಗಿತ್ತು, ತಪ್ಪು ಯಾರದ್ದೆಂದು ತಿಳಿದದ್ದೂ ಆಗಿತ್ತು. ಕಾಯುವುದು ಮಾತ್ರ ಹಾಸಿಗೆ ಹಿಡಿದವರ ಪಾಲಿಗೇ ಉಳಿದಿತ್ತು. 21 ದಿನದ ಕಲಮು ಆ ಕಾಯುವ ಹೊರೆಯನ್ನು ಕಚೇರಿಯ ತಲೆಗೆ ವರ್ಗಾಯಿಸಿತು. ಅದಕ್ಕೇ ಅದರ ಮೇಲೆ ನನಗೆ ಅಷ್ಟು ಪ್ರೀತಿ.

ಆದರೆ ಈ ಪ್ರೀತಿಗೊಂದು ಮಿತಿ ಇದೆ. ಎಸಿಸಿಯ ಬಾಗಿಲಿನ ಮೇಲೆ ‘ಅಪಘಾತ’ ಎಂದು ಬರೆದಿದೆ. ಕೆಲಸದಿಂದಲೇ ಬಂದದ್ದನ್ನು ಬಿಟ್ಟರೆ, ಕಾಯಿಲೆಗೆ ಅಲ್ಲಿ ಪ್ರವೇಶವಿಲ್ಲ. ಹಾಸನದ ಹುಡುಗನ ಪಕ್ಕದ ಮನೆಯವರಿಗೆ ಪಾರ್ಶ್ವವಾಯು ಬಡಿಯಿತು, ಅವರೂ ದುಡಿಯಲಾರರು. ಅವರಿಗೆ ಶೇಕಡಾ 80 ಇಲ್ಲ. ಹೆಂಡತಿಯ ಸಂಬಳ ನೋಡಿ ಅಳೆಯುವ ಭತ್ಯೆಯಷ್ಟೇ. ಒಂದೇ ಬೇಲಿಯ ಎರಡು ಕಡೆ ಎರಡು ನ್ಯಾಯ. ಪಡ್ರೆಯ ಮಗು ಮನುಕಾವ್‌ನಲ್ಲಿ ಹುಟ್ಟಿದ್ದರೆ? ವರ್ಷಗಟ್ಟಲೆ ಗಾಳಿ ನೀರಿನಲ್ಲಿ ಬಂದ ವಿಷಕ್ಕೆ ಇಂಥ ದಿನ, ಇಂಥ ಗಳಿಗೆ ಎಂದು ತೋರಿಸಲು ಯಾವ ಘಟನೆಯಿದೆ? ಆ ತಾಯಿಗೂ ಉತ್ತರ ಗಡುವಿನೊಳಗೇ ಬರುತ್ತಿತ್ತು, ಸೌಜನ್ಯದ ಭಾಷೆಯಲ್ಲಿ, ‘ಇಲ್ಲ’ ಎಂದು.