ಗೋಪುರ ಕಟ್ಟುವವನ ಲೆಕ್ಕ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದಿದ್ದರೆ, ಅಡಿಪಾಯಕ್ಕೇ ಕೈ ಬರಿದಾಗಿ ಊರವರ ಬಾಯಿಗೆ ಬೀಳುತ್ತಾನೆ. ಲೂಕನ ಶುಭಸಂದೇಶದ ಹದಿನಾಲ್ಕನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ಇದು. ಸ್ವಾಮಿ ಹೇಳಿದ್ದು ತಮ್ಮ ಶಿಷ್ಯರಾಗಬಯಸಿ ಹಿಂಬಾಲಿಸುತ್ತಿದ್ದ ಜನರಿಗೆ. ಆದರೆ ಕಾಲೇಜಿನಲ್ಲಿ ಪಾಠ ಮಾಡುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಇವತ್ತು ನಿಮ್ಮ ಕೆಲಸವನ್ನೇ ಇದರ ಪಕ್ಕದಲ್ಲಿಟ್ಟು ನೋಡೋಣ. ಮೊದಲು ನಮ್ಮೂರಲ್ಲೇ ಎದ್ದ ಒಂದು ಗೋಪುರದ ಕತೆ.

ಜಮ್ಷೆಟ್‌ಜಿ ಟಾಟಾ 1898ರಲ್ಲಿ ವಿಜ್ಞಾನದ ವಿದ್ಯಾಪೀಠವೊಂದಕ್ಕೆ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟರು.  ವೈಸರಾಯ್ ಕರ್ಜನ್‌ಗೆ ಮಾತ್ರ ಅನುಮಾನ: ಓದಲು ಹುಡುಗರೆಲ್ಲಿ, ಓದಿದವರಿಗೆ ಕೆಲಸವೆಲ್ಲಿ? 1900ರಲ್ಲಿ ಬಂದು ಪರಿಶೀಲಿಸಿದ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ಬೆಂಗಳೂರೇ ಸರಿ ಎಂದರು. ಮೂಲ ಯೋಜನೆಯಲ್ಲಿದ್ದ ವೈದ್ಯಕೀಯ, ತತ್ವಶಾಸ್ತ್ರ, ಶಿಕ್ಷಣಶಾಸ್ತ್ರಗಳು ದಾರಿಯಲ್ಲೇ ಉದುರಿದವು.  ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. ಟಾಟಾ 1904ರಲ್ಲಿ ತೀರಿಕೊಂಡರು. ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ, ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ನಡುವಿನ ವರ್ಷಗಳಲ್ಲಿ ಅದನ್ನು ಉಳಿಸಿದ್ದು ಹಣವಷ್ಟೇ ಅಲ್ಲ, ಟಾಟಾರ ಸಹಾಯಕರಾಗಿದ್ದ, ಪಟ್ಟು ಬಿಡದ ಬುರ್ಜೋರ್ಜಿ ಪಾದಶಾ, ಅಪ್ಪನ ಮಾತು ನಡೆಸಿದ ಟಾಟಾರ ಮಕ್ಕಳು.

ನಮ್ಮ ಬೆಂಗಳೂರಿನ ಸಂತ ಜೋಸೆಫರ ಕಾಲೇಜೂ ಹಾಗೆಯೇ, ಕೈ ಬದಲಾದರೂ ನಿಲ್ಲಲಿಲ್ಲ. 1882ರಲ್ಲಿ ಪ್ಯಾರಿಸ್ ಮಿಷನ್ನಿನ ಗುರುಗಳು ಆರಂಭಿಸಿ 1937ರಲ್ಲಿ ಯೇಸುಸಭೆಗೆ ಒಪ್ಪಿಸಿದರು. 2022ರಲ್ಲಿ ಅದು ವಿಶ್ವವಿದ್ಯಾಲಯವಾಯಿತು.

ಆದರೆ ನಾವು ಹಾಕುವ ಲೆಕ್ಕದಲ್ಲಿ ಕಟ್ಟಡ ಇರುತ್ತದೆ, ಪ್ರೊಜೆಕ್ಟರ್ ಇರುತ್ತದೆ, ಉದ್ಘಾಟನೆಯ ಶಾಲು ಹಾರವೂ ಇರುತ್ತದೆ. ನಾಲ್ಕನೇ ವರ್ಷ ಆ ಕಟ್ಟಡದ ಬೀಗ ತೆಗೆಯುವವರು ಯಾರು ಎಂಬುದು ಇರುವುದಿಲ್ಲ. ಕನ್ನಡ, ಉರ್ದು, ತಮಿಳು ಮಾಧ್ಯಮದಿಂದ ಬಂದು ಬಿಕಾಂಗೆ ಸೇರಿದ ಮಗು ಇಂಗ್ಲಿಷ್‌ನಲ್ಲಿ ಜಮಾ-ಖರ್ಚು ಓದಲಾರದೆ ಹಿಂದಿನ ಬೆಂಚು ಹಿಡಿಯುತ್ತದೆ. ಅದಕ್ಕೆಂದು ಅತಿಥಿ ಉಪನ್ಯಾಸಕರೊಬ್ಬರು ಸಂಜೆ ತರಗತಿ ಶುರುಮಾಡುತ್ತಾರೆ. ಯಾರು ಎಲ್ಲಿ ತಡವರಿಸುತ್ತಾರೆ ಎಂದು ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾರೆ. ಮುಂದಿನ ವರ್ಷ ಅವರ ನೇಮಕ ಮುಂದುವರಿಯುವುದಿಲ್ಲ. ಪುಸ್ತಕ ಬೀರು ಸೇರುತ್ತದೆ, ವರದಿಯಲ್ಲಿ ಮಾತ್ರ ತರಗತಿ ನಡೆಯುತ್ತಲೇ ಇರುತ್ತದೆ. ಆ ಮೇಷ್ಟರನ್ನು ದೂರಲು ನನಗೆ ಬಾಯಿ ಬರುವುದಿಲ್ಲ; ಮನೆ ಬಾಡಿಗೆ ಅವರೂ ಕಟ್ಟಬೇಕಲ್ಲ.

ನಮ್ಮ ಸಭಾಭವನದ ಹಿಂದಿನ ಎರಡು ಕೋಣೆ ಸಂಜೆ ಆರರಿಂದ ಎಂಟರವರೆಗೆ ಖಾಲಿ. ಇಂಥ ಮಕ್ಕಳಿಗೆ ಅಲ್ಲಿ ಪಾಠ ಆರಂಭಿಸೋಣ. ಮೊದಲ ವರ್ಷಕ್ಕೆ ಹೆಸರು ಕೊಡುವವರು ಸಾಕಷ್ಟಿದ್ದಾರೆ. ಮೂರನೇ ವರ್ಷಕ್ಕೂ ಪಾಠ ಮಾಡಲು ಬರುವವರು, ನಿವೃತ್ತರಾದರೂ ಸರಿ, ಪೂಜೆ ಮುಗಿದ ಮೇಲೆ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ.